ಪುಸ್ತಕದಲ್ಲಿ ಮುನ್ನೂರ ಮೂವತ್ತು

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿಕೊಂಡು ಬರೆಯುತ್ತೇನೆ, ಅಂಕಿ ಚೆನ್ನಾಗಿಯೇ ಬರೆಯುತ್ತೇನೆ. ಆ ಅಂಕಿಯಿಂದಲೇ ಒಬ್ಬ ಮನುಷ್ಯನ ಕೆಲಸ ತೆಗೆಸಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಮುಚ್ಚಿಟ್ಟು ಹೇಳುವಂಥ ರುಚಿ ಇದರಲ್ಲಿ ಏನೂ ಇಲ್ಲ.

ಗುಂಡ್ಲುಪೇಟೆಯಲ್ಲಿ ನಮ್ಮದು ಪುರಿ ಭಟ್ಟಿ. ನನ್ನ ಗಂಡ ಹೋದ ಮೇಲೆ ಅದು ನನ್ನ ಕೈಗೆ ಬಂತು. ದೊಡ್ಡ ಬಾಣಲೆ ತುಂಬ ಮರಳು, ಕೆಳಗೆ ಬೆಂಕಿ. ಮರಳು ಹದವಾಗಿ ಕಾದ ಮೇಲೆ ಅಕ್ಕಿ ಸುರಿದು ಉದ್ದನೆಯ ಸೌಟಿನಿಂದ ತಿರುವಿದರೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅರಳಿ ಪುರಿಯಾಗುತ್ತದೆ. ಕಾವು ಕಮ್ಮಿಯಾದರೆ ಅಕ್ಕಿ ಹಲ್ಲು ಮುರಿಯುವ ಕಲ್ಲು. ಹೆಚ್ಚಾದರೆ ಮಸಿ. ಕಾವು ನೋಡಲು ನಾನು ಬಾಣಲೆಯ ಅಂಚಿಗೆ ಬೆರಳಿನಿಂದ ನೀರು ಚಿಮುಕಿಸುತ್ತಿದ್ದೆ. ಹನಿ ಅಲ್ಲೇ ಚುಂಯ್ ಎಂದು ಎಳೆದು ಆರಿದರೆ ಇನ್ನೂ ಸೌದೆ ಬೇಕು. ಕಾಳಿನಂತೆ ಎಗರಿ ಉರುಳಿಕೊಂಡು ಹೋದರೆ ಸೌದೆಯನ್ನು ಹಿಂದಕ್ಕೆ ಎಳೆಯಬೇಕು. ನಮ್ಮತ್ತೆ ನನಗೆ ಕಲಿಸಿದ್ದು ಇದೊಂದೇ. ಮಿಕ್ಕಿದ್ದೆಲ್ಲ ಬೈಗುಳ.

ತೊಂಬತ್ತರ ದಶಕದ ಶುರುವಿನಲ್ಲಿ ಬೇಗೂರಿಗೆ ಹೋಗುವ ರಸ್ತೆಯಲ್ಲಿ ಮುಚ್ಚಿಹೋಗಿದ್ದ ಎಣ್ಣೆ ಮಿಲ್ಲಿಗೆ ಮೈಸೂರಿನಿಂದ ಒಬ್ಬ ಇಂಜಿನಿಯರ್ ಸಾಹೇಬರು ಬಂದರು. ತೆಂಗಿನ ಚಿಪ್ಪಿನ ಇದ್ದಲಿನಿಂದ ಡೀಸೆಲ್ ತೆಗೆಯುತ್ತಾರಂತೆ ಎಂದು ಊರೆಲ್ಲ ನಕ್ಕಿತು. ಒಂದು ದಿನ ಅವರು ನಮ್ಮ ಭಟ್ಟಿಗೆ ಪುರಿ ಕೊಳ್ಳಲು ಬಂದವರು ಪುರಿ ಮರೆತು ಮರಳನ್ನೇ ನೋಡುತ್ತ ನಿಂತರು.

"ಅಮ್ಮ, ನೀವು ಮಾಡ್ತಿರೋದೇ ನಾನೂ ಮಾಡ್ತಿರೋದು. ನೀವು ಮರಳನ್ನ ಸೌಟಲ್ಲಿ ತಿರುವ್ತೀರಿ, ನಾನು ಗಾಳೀಲಿ ತಿರುವ್ತೀನಿ" ಅಂದರು.

"ಗಾಳೀಲಿ ತಿರುವುದ್ರೆ ಕಣ್ಣಿಗ್ ಬೀಳ್ತದೆ ಸ್ವಾಮಿ" ಅಂದೆ.

ನಕ್ಕರು. ಮಾರನೇ ವಾರದಿಂದ ನನ್ನನ್ನು ಕೆಲಸಕ್ಕೆ ಕರೆದರು. ಭಟ್ಟಿಯನ್ನು ಸೊಸೆಗೆ ಬಿಟ್ಟು ಹೋದೆ.

ಮೊದಲು ಕೊಟ್ಟದ್ದು ಜರಡಿ ಕೆಲಸ. ಸಾಹೇಬರು ಕಬ್ಬಿಣದ ಪುಡಿಗೆ ಇನ್ನೇನೋ ಬೆರೆಸಿ, ಕಾಯಿಸಿ, ಕರೀ ಮರಳಿನಂಥದ್ದು ಮಾಡುತ್ತಿದ್ದರು. ಅದನ್ನು ನಾನೂ ಪಕ್ಕದ ಹಂಗಳ ಊರಿನಿಂದ ಬರುತ್ತಿದ್ದ ಇನ್ನೊಬ್ಬಳೂ ಜರಡಿ ಹಿಡಿಯಬೇಕು. ಎರಡಾಳೆತ್ತರದ ಕಬ್ಬಿಣದ ಟವರಿನೊಳಗೆ ಆ ಪುಡಿ ತುಂಬುತ್ತಿದ್ದರು. ಇದ್ದಲಿನಿಂದ ತೆಗೆದ ಗ್ಯಾಸನ್ನು ಕೆಳಗಿನಿಂದ ಜೋರಾಗಿ ಬಿಟ್ಟರೆ ಪುಡಿ ಎದ್ದು, ಕುದಿಯುವ ಅಂಬಲಿಯಂತೆ ತಾನೇ ತಿರುಗುತ್ತದೆ. ಗ್ಯಾಸು ಆ ಪುಡಿಗೆ ತಾಕಿ ಮೇಲೆ ಬಂದು ತಣ್ಣಗಾದಾಗ ಎಣ್ಣೆಯಾಗಿ ಇಳಿಯುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ, ಒಂದು ಸೀಸೆ ಎಣ್ಣೆ ಲಾಟೀನಿಗೆ ಹಾಕಿ ಹತ್ತಿಸಿದರು. ಸೀಮೆಎಣ್ಣೆಗಿಂತ ಬೆಳ್ಳಗೆ ಉರಿಯಿತು.

ಇದರಲ್ಲಿ ಒಂದು ವಿಚಿತ್ರ. ಟವರಿನ ಕೆಳಗೆ ಬೆಂಕಿ ಇಲ್ಲ. ಶುರುವಿನಲ್ಲಿ ಒಂದು ಸಲ ಕಾಯಿಸಿಬಿಟ್ಟರೆ ಆಮೇಲೆ ಗ್ಯಾಸು ತಾಕಿ ತಾಕಿ ಪುಡಿ ತಾನೇ ಕಾಯುತ್ತ ಹೋಗುತ್ತದೆ. ಅದನ್ನು ತಣಿಸಲು ಒಳಗೆ ನೀರಿನ ಕೊಳವೆಗಳು.

"ನಮಗೆ ಬೆಂಕಿ ಹಚ್ಚೋದು ಕಷ್ಟ ಅಲ್ಲ ಅಮ್ಮ, ತಡೆಯೋದು ಕಷ್ಟ" ಅನ್ನುತ್ತಿದ್ದರು ಸಾಹೇಬರು. ಟವರಿಗೆ ಕೆಳಗೊಂದು, ನಡುವೆ ಒಂದು, ಮೇಲೊಂದು ಹೀಗೆ ಕಾವು ಡಿಗ್ರಿಯಲ್ಲಿ ತೋರಿಸುವ ಮೂರು ಮೀಟರು. ಮೂರೂ ಮುನ್ನೂರ ಮೂವತ್ತರ ಆಸುಪಾಸು ಇರಬೇಕು, ಮೂರೂ ಒಂದೇ ಮಾತಾಡಬೇಕು. ಆಗ ಪುಡಿ ಚೆನ್ನಾಗಿ ತಿರುಗುತ್ತಿದೆ ಎಂದರ್ಥ. ಮುನ್ನೂರೈವತ್ತು ದಾಟಿದರೆ ಪುಡಿಯ ಮೇಲೆ ಮಸಿ ಕಟ್ಟುತ್ತದೆ. ಮುನ್ನೂರರ ಕೆಳಗೆ ಇಳಿದರೆ ಎಣ್ಣೆಯ ಬದಲು ಮೇಣ ಹುಟ್ಟಿ ಪುಡಿಗೆ ಅಂಟಿಕೊಳ್ಳುತ್ತದೆ. ಪುರಿಗೆ ಬೆಲ್ಲದ ಪಾಕ ಹಾಕಿದರೆ ಉಂಡೆ ಕಟ್ಟುವುದಿಲ್ಲವೇ, ಹಾಗೆ. ಉಂಡೆ ಕಟ್ಟಿದ ಪುಡಿ ಗಾಳಿಗೆ ಏಳುವುದಿಲ್ಲ. ಕೂತ ಜಾಗದಲ್ಲೇ ಕಾದು ಸುಡುತ್ತದೆ. ಇದು ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ಅರ್ಥವಾಗಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ಟವರ್ ನೋಡಿಕೊಳ್ಳುತ್ತಿದ್ದ ಆಪರೇಟರು ಕೇರಳದ ಬತ್ತೇರಿ ಕಡೆಯ ಮಲಯಾಳಿ. ನಲವತ್ತರ ಹತ್ತಿರದ ಗಂಡಸು, ಮುಂಚೆ ಬಾಯ್ಲರ್ ಕೆಲಸ ಮಾಡಿದವನು. ನನ್ನನ್ನು ಚೇಚಿ ಅನ್ನುತ್ತಿದ್ದ. ಅವರ ಕಡೆ ಅಕ್ಕನಿಗೆ ಹಾಗನ್ನುವುದು. ಅವನು ಊಟಕ್ಕೆ ಹೋದಾಗ ಕಾಲು ಗಂಟೆಗೊಮ್ಮೆ ಮೂರು ಮೀಟರನ್ನೂ ನೋಡಿ ಪುಸ್ತಕದಲ್ಲಿ ಬರೆಯುವ ಕೆಲಸವನ್ನು ಸಾಹೇಬರು ನನಗೆ ಕೊಟ್ಟರು. ಮೀಟರ್ ಓದುವುದನ್ನು ಕಲಿಸಿದವನು ಅವನೇ.

"ಚೇಚಿ, ಸೂಜಿ ಎಲ್ಲಿ ನಿಂತಿದೆ ಅದನ್ನ ಬರೀರಿ. ನಿಮ್ಮ ಮನಸ್ಸಲ್ಲಿ ಇರೋದು ಬರೀಬೇಡಿ. ವಾಲ್ವು ಮುಟ್ಟಬೇಡಿ. ಏನಾದ್ರೂ ಆದ್ರೆ ಗಂಟೆ ಹೊಡೀರಿ, ಬಾಯಲ್ಲಿ ಅನ್ನ ಇದ್ರೂ ಬರ್ತೀನಿ."

ಒಂದು ಸಲ ಹೊಡೆದೆ. ಸೂಜಿ ಮುನ್ನೂರ ಮೂವತ್ತೈದಕ್ಕೆ ಹೋಗಿತ್ತು ಅಷ್ಟೇ. ಎಂಜಲು ಕೈಯಲ್ಲೇ ಓಡಿ ಬಂದ, ನೋಡಿದ, "ಸಾರಮಿಲ್ಲ ಚೇಚಿ, ಪರವಾಗಿಲ್ಲ" ಎಂದು ಹೋದ. ಅವನು ಬೈಯಲಿಲ್ಲ. ಆದರೆ ಹಂಗಳದವಳು ಬಿಡಲಿಲ್ಲ.

"ಏನ್ ಪುರಿಯಕ್ಕ, ಸೂಜಿ ಅಳ್ಳಾಡುದ್ರೆ ಗಂಟೆ ಒಡೀತೀಯಲ್ಲ, ನೊಣ ಕುಂತ್ರೂ ಒಡೀತೀಯಾ?"

"ನೀನ್ ಜರ್ಡಿ ಇಡ್ಕೊ ಸುಮ್ನೆ."

"ಇಡ್ಕತೀನಿ ಬುಡು. ಊಟುದ್ ಮದ್ಯ ಎಬ್ಬುಸ್ಬುಟ್ಟಲ್ಲಾ ಪಾಪ."

ಅವತ್ತೇ ತೀರ್ಮಾನ ಮಾಡಿದೆ, ಇನ್ನು ಗಂಟೆ ಹೊಡೆಯುವುದಿಲ್ಲ ಎಂದು. ಹೊಡೆಯದೆ ಗೆಲ್ಲಬೇಕು.

ನನ್ನ ತಲೆ ಕೆಟ್ಟದ್ದು ಇನ್ನೊಂದು ಕಾರಣಕ್ಕೆ. ಟವರಿನ ನಡುವೆ, ಸುತ್ತಿದ್ದ ಹತ್ತಿಯಂಥ ಹೊದಿಕೆ ಕಿತ್ತುಹೋಗಿ ಕಬ್ಬಿಣ ಕಾಣುವ ಒಂದು ಜಾಗವಿತ್ತು. ಮನೆಯ ಅಭ್ಯಾಸದಂತೆ ನಾನು ಅಲ್ಲಿಗೆ ನೀರು ಚಿಮುಕಿಸಿ ನೋಡುತ್ತಿದ್ದೆ. ಎಷ್ಟು ಡಿಗ್ರಿಗೆ ಹನಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೈಗೆ ಹತ್ತಿತು. ಒಂದು ದಿನ ಮೈಸೂರಿನಿಂದ ಕಾರಿನಲ್ಲಿ ನಾಲ್ಕು ಜನ ದೊಡ್ಡವರು ಬಂದಾಗ ಸಾಹೇಬರು ನನ್ನನ್ನು ಮುಂದೆ ನಿಲ್ಲಿಸಿ, "ಮೀಟರ್ ನೋಡದೆ ಹೇಳಿ ಅಮ್ಮ" ಅಂದರು. ನೀರು ಚಿಮುಕಿಸಿದೆ. ಮುನ್ನೂರ ಮೂವತ್ತು ಅಂದೆ. ಮೀಟರಿನಲ್ಲಿ ಮುನ್ನೂರ ಇಪ್ಪತ್ತೊಂಬತ್ತು. ಚಪ್ಪಾಳೆ ತಟ್ಟಿದರು. "ಇವರ ಬೆರಳು ನನ್ನ ಮೀಟರಿಗಿಂತ ಮುಂದೆ" ಅಂದರು ಸಾಹೇಬರು. ತಮಾಷೆಗೆ ಅಂದದ್ದು. ನಾನು ನಿಜ ಅಂದುಕೊಂಡೆ.

ಅದಾಗಿ ಹದಿನೈದು ದಿನಕ್ಕೆ ಇರಬೇಕು. ಆಪರೇಟರನ ಹೆಂಡತಿ ಬತ್ತೇರಿ ಬಸ್ಸಿನಲ್ಲಿ ಊಟ ಕಟ್ಟಿಕೊಂಡು ಬಂದಳು. ತಿಂಗಳ ಮೇಲೆ ಬಂದಿದ್ದಳು. ಹನ್ನೆರಡು ಗಂಟೆಗೆ ಅವನು ಮೂರು ಮೀಟರೂ ನೋಡಿ, ಬರೆದು, ಸಹಿ ಹಾಕಿದ. ಮೂರೂ ಮುನ್ನೂರ ಮೂವತ್ತು.

"ನಿಧಾನುಕ್ ಉಣ್ಣಪ್ಪ. ಇಲ್ಲಿ ನಾನಿಲ್ವಾ? ಒಂದ್ ಗಂಟೆಗೆ ಬಾ ಸಾಕು" ಅಂದೆ. ಅರ್ಧ ಗಂಟೆಯಲ್ಲಿ ಬರಬೇಕಾದವನನ್ನು ಒಂದು ಗಂಟೆಗೆ ಬಾ ಎಂದು ಕಳಿಸಿದವಳು ನಾನೇ. ಅಂಗಳದ ಹೊಂಗೆ ಮರದ ಕೆಳಗೆ ಗಂಡ ಹೆಂಡತಿ ಕೂತದ್ದು ಕಿಟಕಿಯಿಂದ ಕಾಣುತ್ತಿತ್ತು.

ನಾನು ಬಂದವಳೇ ನೀರು ಚಿಮುಕಿಸಿದೆ. ಹನಿ ನಿಲ್ಲಲಿಲ್ಲ. ಕಾಳಿನಂತೆ ಎಗರಿ ಉರುಳಿ ಬಿತ್ತು. ಇನ್ನೊಂದು ಸಲ ಚಿಮುಕಿಸಿದೆ. ಮತ್ತೆ ಎಗರಿತು. ಮೀಟರ್ ನೋಡಿದರೆ ಮುನ್ನೂರ ಮೂವತ್ತೊಂದು. ಮೀಟರಿಗೆ ಇನ್ನೂ ತಿಳಿದಿಲ್ಲ, ನನಗೆ ಮೊದಲೇ ತಿಳಿಯಿತು ಅಂದುಕೊಂಡೆ. ಮೈಯೆಲ್ಲ ಜುಮ್ಮೆಂದಿತು, ಹೆದರಿಕೆಗಲ್ಲ, ಸಂತೋಷಕ್ಕೆ. ಭಟ್ಟಿಯಲ್ಲಾದರೆ ಸೌದೆ ಎಳೆಯುತ್ತಿದ್ದೆ. ಇಲ್ಲಿ ಸೌದೆ ಇಲ್ಲ, ನೀರಿನ ವಾಲ್ವಿದೆ. ಎರಡು ಸುತ್ತು ತಿರುಗಿಸಿ ನೀರು ಹೆಚ್ಚು ಮಾಡಿದೆ.

ಹಿಂದಿನ ದಿನ ಟವರಿಗೆ ಹೊಸ ಹೊದಿಕೆ ಸುತ್ತಿದ್ದರು. ಮೊದಲಿನ ದಪ್ಪದ ಎರಡರಷ್ಟು. ನನ್ನ ಜಾಗವನ್ನು ಅಂಗೈಯಗಲ ಮಾತ್ರ ಬಿಟ್ಟಿದ್ದರು. ಮುಂಚೆ ಗಾಳಿಗೆ ಆರುತ್ತಿದ್ದ ಕಬ್ಬಿಣ ಈಗ ಕಂಬಳಿಯೊಳಗೆ ಕಾದು ಕೂತಿತ್ತು. ಒಳಗಿನ ಕಾವು ಎಂದಿನಷ್ಟೇ. ಹೊರಗಿನದು ಮಾತ್ರ ಹೆಚ್ಚು. ಇದು ನನಗೆ ಹೊಳೆದದ್ದು ಆಮೇಲೆ, ಮನೆಯಲ್ಲಿ ಭಟ್ಟಿಯ ಮುಂದೆ ಕೂತಾಗ. ಆಗ ಹೊಳೆದು ಪ್ರಯೋಜನವೇನು?

ಹನ್ನೆರಡೂಕಾಲಕ್ಕೆ ಸೂಜಿಗಳು ಮುನ್ನೂರ ಹತ್ತರ ಹತ್ತಿರ ಇಳಿದಿದ್ದವು. ಇಳಿಯಲಿ, ಜಾಸ್ತಿಯಾಗಿದ್ದದ್ದು ಸರಿಹೋಗುತ್ತಿದೆ ಅಂದುಕೊಂಡು ಪುಸ್ತಕದಲ್ಲಿ ಬರೆಯದೆ ಸುಮ್ಮನಿದ್ದೆ. ಸರಿಹೋದ ಮೇಲೆ ಬರೆದರಾಯಿತು. ಹನ್ನೆರಡೂವರೆಗೆ ನೋಡಿದರೆ ಇನ್ನೂರ ಎಂಬತ್ತು ಚಿಲ್ಲರೆ. ಪುಡಿ ತಿರುಗುವಾಗ ತಗಡಿನ ಮೇಲೆ ಮಳೆ ಬಿದ್ದಂತೆ ಒಂದು ಸದ್ದು ಬರುತ್ತಿತ್ತು. ಆ ಸದ್ದು ಮಂದವಾಗಿತ್ತು, ಒದ್ದೆ ಮರಳು ತಿರುವಿದ ಹಾಗೆ. ಕಿವಿಗೆ ಕೇಳಿಸಿತು. ಕೇಳಿಸಲಿಲ್ಲ ಅನ್ನಲಾರೆ.

ಓಡಿ ವಾಲ್ವ್ ಹಿಂದಕ್ಕೆ ತಿರುಗಿಸಿದೆ. ಎರಡು ಸುತ್ತು, ಗಾಬರಿಯಲ್ಲಿ ಮೇಲೆ ಅರ್ಧ ಸುತ್ತು. ಗಂಟೆಯ ಹಗ್ಗ ಪಕ್ಕದಲ್ಲೇ ಇತ್ತು. ಎಳೆದಿದ್ದರೆ ಹತ್ತು ಹೆಜ್ಜೆಯಲ್ಲಿ ಅವನು ಬರುತ್ತಿದ್ದ. ಕಿಟಕಿಯಿಂದ ನೋಡಿದೆ. ಹೆಂಡತಿ ಏನೋ ಹೇಳುತ್ತಿದ್ದಳು, ಅವನು ನಗುತ್ತಿದ್ದ. ಅತ್ತ ಹಂಗಳದವಳು ಜರಡಿ ಆಡಿಸುತ್ತಿದ್ದಳು. ವಾಲ್ವ್ ಮುಟ್ಟಿದವಳು ನಾನು ಎಂದು ಗೊತ್ತಾಗುತ್ತದೆ, ಬೆರಳಿನ ಬಡಾಯಿ ಬಯಲಾಗುತ್ತದೆ, ಇವಳ ಬಾಯಿಗೆ ಇನ್ನೊಂದು ವರ್ಷ ಅವಲಕ್ಕಿ. ಇಷ್ಟೇ ನಾನು ಯೋಚಿಸಿದ್ದು. ಹಗ್ಗ ಮುಟ್ಟಲಿಲ್ಲ.

ಕೂತು ಬರೆದೆ. ಹನ್ನೆರಡೂಕಾಲು: ಮುನ್ನೂರ ಮೂವತ್ತು, ಮುನ್ನೂರ ಮೂವತ್ತು, ಮುನ್ನೂರ ಮೂವತ್ತು. ಹನ್ನೆರಡೂವರೆ: ಅದೇ. ಮುಕ್ಕಾಲಿಗೂ ಅದೇ. ಒಂದು ಗಂಟೆಗೂ ಅದೇ. ನೋಡಿ ಬರೆಯುವಾಗ ನನ್ನ ಅಂಕಿ ಸೊಟ್ಟಗೆ ಬರುತ್ತಿದ್ದವು, ಸೂಜಿ ನೋಡಿ ಪುಸ್ತಕ ನೋಡಿ ಸಾಲು ತಪ್ಪುತ್ತಿತ್ತು. ಅವತ್ತಿನವು ದುಂಡಗೆ, ಒಂದರ ಕೆಳಗೊಂದು, ಪೋಣಿಸಿದ ಹಾಗೆ ಬಂದವು.

ಒಂದು ಗಂಟೆ ದಾಟಿ ಅವನು ಬಂದ. ಅಷ್ಟರಲ್ಲಿ ಸೂಜಿಗಳು ಹತ್ತಿ ಬಂದಿದ್ದವು, ಮೇಲಿನದು ಮಾತ್ರ ಹಿಂದೆ ಉಳಿದಿತ್ತು. ಪುಸ್ತಕ ನೋಡಿದ, ಮೀಟರ್ ನೋಡಿದ.

"ಮೇಲಿಂದು ಕಮ್ಮಿ ಇದೆಯಲ್ಲ ಚೇಚಿ?"

"ಈಗ್ ತಾನೆ ಇಳೀತು ಕಣಪ್ಪ. ಬಾಗ್ಲು ತೆಗುದ್ಯಲ್ಲ, ಗಾಳಿ ಒಡೀತು."

ನಂಬಿದ. ಪುಸ್ತಕ ಅಷ್ಟು ಚೆನ್ನಾಗಿದ್ದಾಗ ಏಕೆ ನಂಬಬಾರದು? ಊಟದ ಮೇಲೆ ಎಂದಿನಂತೆ ಗ್ಯಾಸು ಹೆಚ್ಚು ಮಾಡಿದ. ಸೂಜಿ ಇಳಿದಿತ್ತು ಎಂದು ಪುಸ್ತಕದಲ್ಲಿ ಇದ್ದಿದ್ದರೆ ಅವನು ಗ್ಯಾಸು ಮುಟ್ಟುತ್ತಿರಲಿಲ್ಲ, ನೀರಿನ ವಾಲ್ವ್ ನೋಡುತ್ತಿದ್ದ. ವಾಲ್ವ್ ತಿರುಗಿಸಿದ್ದು ದಡ್ಡತನ. ಪುಸ್ತಕ ಬರೆದದ್ದು ದಡ್ಡತನವಲ್ಲ.

ಹತ್ತು ನಿಮಿಷದಲ್ಲಿ ಮಳೆಯ ಸದ್ದು ನಿಂತಿತು. ಪೂರಾ ನಿಂತಿತು. ಮೇಣ ಹಿಡಿದ ಪುಡಿ ಉಂಡೆ ಕಟ್ಟಿ ಕೂತುಬಿಟ್ಟಿತು. ನಡುವಿನ ಸೂಜಿ ನಾನ್ನೂರು ದಾಟಿ ಓಡಿತು. ಕೆಳಗಿನದೂ ಮೇಲಿನದೂ ಬಿದ್ದವು. ಅವನು ಮಲಯಾಳದಲ್ಲಿ ಏನೋ ಕೂಗಿ ಗ್ಯಾಸು ಮುಚ್ಚಿ ನೀರಿನ ಕಡೆ ಓಡಿದ. ಬಣ್ಣ ಸುಟ್ಟ ವಾಸನೆ ಬಂತು. ಯಾರಿಗೂ ಏನೂ ಆಗಲಿಲ್ಲ, ಅಷ್ಟು ಪುಣ್ಯ. ಎರಡು ದಿನ ಆರಲು ಬಿಟ್ಟು ಟವರ್ ಬಿಚ್ಚಿದರೆ ಒಳಗೆ ಪುಡಿಯೇ ಇಲ್ಲ. ಅಚ್ಚು ಬೆಲ್ಲದಂಥ ಕರೀ ಗಡ್ಡೆಗಳು, ನಡುವೆ ಸುಟ್ಟು ಬಾಗಿದ ಕೊಳವೆಗಳು. ನಾವು ಐದು ತಿಂಗಳು ಜರಡಿ ಹಿಡಿದದ್ದು ಅದು.

ಬಿಚ್ಚುವುದಕ್ಕೂ ಮುಂಚೆ, ಸುಟ್ಟ ದಿನದ ಮಧ್ಯಾಹ್ನವೇ ಮಿಲ್ಲಿನ ಯಜಮಾನರು ಬಂದಿದ್ದರು. ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಪುಸ್ತಕ ತೆಗೆದರು. "ಒಂದು ಗಂಟೆವರೆಗೂ ಸರಿಯಾಗಿದೆ. ಇವನು ಉಂಡು ಬಂದು ಕೂತ, ಕೂತ ಹತ್ತು ನಿಮಿಷಕ್ಕೆ ಹೋಯ್ತು" ಅಂದರು.

ಸಾಹೇಬರು ನನ್ನ ಕಡೆ ತಿರುಗಿದರು. "ಅಮ್ಮ, ಇದು ನೀವು ನೋಡಿ ಬರೆದದ್ದಾ?"

"ನೋಡೇ ಬರ್ದಿದ್ದು ಸ್ವಾಮಿ" ಅಂದೆ.

ಇಷ್ಟೇ. ನಾಲಗೆ ತೊದಲಲಿಲ್ಲ.

ಆಪರೇಟರು ನನ್ನ ಪರವಾಗಿ ಮಾತಾಡಿದ. "ಚೇಚಿ ಸುಳ್ಳು ಬರೆಯಲ್ಲ ಸಾರ್. ನಾನೇ ಕಲಿಸಿದ್ದು. ಗ್ಯಾಸು ನಾನೇ ಜೋರಾಗಿ ಬಿಟ್ಟೆ ಅಂತ ಕಾಣುತ್ತೆ."

ಸಂಜೆಯ ಬತ್ತೇರಿ ಬಸ್ಸಿಗೆ ಅವನನ್ನು ಕಳಿಸಿಬಿಟ್ಟರು. ಹೆಂಡತಿ ಇನ್ನೂ ಊರಿಗೆ ಹೋಗಿರಲಿಲ್ಲ, ಪಾತ್ರೆ ಚೀಲದಲ್ಲಿ ತುಂಬುತ್ತ ನನಗೆ ಅಂದಳು: "ನಾನು ಬರಬಾರದಿತ್ತು ಚೇಚಿ. ನಾನು ಬಂದು ಮಾತಾಡಿಸಿ ಅವರ ತಲೆ ಬೇರೆ ಕಡೆ ಹೋಯ್ತು." ನಾನು ಚೀಲದ ಬಾಯಿ ಹಿಡಿದುಕೊಂಡೆ, ತುಂಬಲು ಅನುಕೂಲವಾಗಲಿ ಎಂದು.

ಆಮೇಲೂ ನಾನು ಅಲ್ಲೇ ಕೆಲಸ ಮಾಡಿದೆ. ಹೊಸ ಪುಡಿ, ಹೊಸ ಆಪರೇಟರು. ನೀರು ಚಿಮುಕಿಸುವುದನ್ನು ಬಿಟ್ಟೆ. ಸಾಹೇಬರು ಕೇಳಿದರೆ ಕೈಗೆ ವಾತ ಅಂದೆ. ಎರಡು ವರ್ಷಕ್ಕೆ ಅದೂ ಮುಚ್ಚಿತು, ಮತ್ತೆ ಭಟ್ಟಿಗೆ ಬಂದೆ.

ಚಾಮರಾಜನಗರ ಜಿಲ್ಲೆಯಾದ ಹೊಸದರಲ್ಲಿ, ವಿಧವಾ ಪಿಂಚಣಿಯ ಕಾಗದ ಹಿಡಿದು ಅಲ್ಲಿನ ಕಚೇರಿಗೆ ಅಲೆಯುತ್ತಿದ್ದೆ. ಒಂದು ದಿನ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯೊಂದರ ಮುಂದೆ ಹೋಗುವಾಗ, ಬಾಯ್ಲರಿನ ಮುಂದೆ ಅವನು ನಿಂತಿದ್ದ. ತಲೆ ನರೆತಿತ್ತು. ನಾನು ಮುಖ ತಿರುಗಿಸಿ ಹೋಗಬಹುದಿತ್ತು. ಅವನೇ ಕೂಗಿದ.

"ಚೇಚೀ! ಎಂದಾ, ಏನಿದು, ಇಲ್ಲಿ?"

ಸ್ಟೂಲು ಒರೆಸಿ ಕೂರಿಸಿದ. ಎದುರಿನ ಹೋಟೆಲಿನಿಂದ ಕಾಫಿ ತಂದ. ಹೆಂಡತಿ ಚೆನ್ನಾಗಿದ್ದಾಳೆ ಅಂದ. ಮಾತಾಡುತ್ತಲೇ ಎದ್ದು ಹೋಗಿ ಬಾಯ್ಲರಿನ ಮೀಟರ್ ನೋಡಿ ಬಂದ. ಕೂತ. ಮತ್ತೆ ಎದ್ದು ನೋಡಿ ಬಂದ.

"ಇಲ್ಲಿ ಎಲ್ಲ ನನ್ನನ್ನ ಆಮೆ ಅಂತಾರೆ ಚೇಚಿ. ಒಂದು ವಾಲ್ವು ತಿರುಗಿಸೋಕೆ ಮೂರು ಸಲ ನೋಡ್ತೀನಿ. ಅವತ್ತಿಂದ ಹಾಗೇ. ಎಷ್ಟು ಯೋಚನೆ ಮಾಡಿದ್ರೂ ಗೊತ್ತಾಗಲ್ಲ, ದಿನಾ ಬಿಡೋ ಅಷ್ಟೇ ಗ್ಯಾಸು ಬಿಟ್ಟೆ ಅಂತ ಕೈ ಹೇಳುತ್ತೆ. ಆದ್ರೆ ಆಗಿದ್ದು ಆಯ್ತಲ್ಲ."

ಕಾಫಿ ಲೋಟ ಕೆಳಗಿಟ್ಟೆ. "ಅವತ್ತು ನೀರುನ್ ವಾಲ್ವ ನಾನು ತಿರುಗ್ಸಿದ್ದೆ ಕಣಪ್ಪ. ನೀನು ಉಣ್ಣುಕ್ ಓಗಿದ್ದಾಗ. ಎರಡ್ ಸುತ್ತು."

ಅವನು ನನ್ನ ಮುಖ ನೋಡಿದ. ಆಮೇಲೆ ನಕ್ಕ.

"ಬೇಡ ಚೇಚಿ. ನನ್ನ ಸಮಾಧಾನಕ್ಕೆ ಹೀಗೆಲ್ಲ ಹೇಳಬೇಡಿ. ಎರಡು ಸುತ್ತು ನೀರು ಬಿಟ್ಟಿದ್ರೆ ಸೂಜಿ ಧಡಕ್ಕಂತ ಇಳೀತಿತ್ತು. ನಿಮ್ಮ ಪುಸ್ತಕದಲ್ಲಿ ಇಳಿದೇ ಇಲ್ಲ. ನಾನು ಇವತ್ತಿಗೂ ಆ ಪುಟ ಕಣ್ಣ ಮುಂದೆ ನೋಡ್ತೀನಿ. ಒಂದಂಕಿ ಆಚೆ ಈಚೆ ಇಲ್ಲ."

ಇನ್ನೊಂದು ಮಾತು ಬಾಕಿ ಇತ್ತು. ಪುಸ್ತಕ ಸುಳ್ಳು. ಎರಡೇ ಪದ. ವಾಲ್ವಿನ ಮಾತು ಆಡುವಾಗ ನನಗೆ ಗೊತ್ತಿತ್ತು, ಅದನ್ನು ಕೈ ತಪ್ಪು ಅಂದುಕೊಂಡು ಅವನು ಕ್ಷಮಿಸುತ್ತಾನೆ ಎಂದು. ಕ್ಷಮಿಸುವಂಥದ್ದನ್ನು ಮಾತ್ರ ಹೇಳಲು ಹೊರಟಿದ್ದೆ. ಇನ್ನೊಂದು ಕೈ ತಪ್ಪಲ್ಲ. ಅದನ್ನು ಹೇಳಿದ್ದರೆ ಅವನು ಚೇಚಿ ಅನ್ನುವುದನ್ನು ಬಿಡುತ್ತಿದ್ದ.

"ಬಸ್ಸಿಗೊತ್ತಾಯ್ತು" ಅಂದೆ. ಉಳಿದಿದ್ದ ಕಾಫಿಯನ್ನೂ ಕುಡಿದು ಎದ್ದೆ. ಅವನು ರಸ್ತೆಯವರೆಗೆ ಬಂದು, ಗುಂಡ್ಲುಪೇಟೆ ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, ಹತ್ತಿಸಿದ.

ಎರಡು ತಿಂಗಳು ಬಿಟ್ಟು ಗಟ್ಟಿ ಮನಸ್ಸು ಮಾಡಿ ಮತ್ತೆ ಹೋದೆ. ಕೆಲಸ ನಿಧಾನ ಎಂದು ಅಲ್ಲಿಂದಲೂ ಬಿಡಿಸಿದ್ದರು. ಎಲ್ಲಿಗೆ ಹೋದ ಎಂದು ಯಾರಿಗೂ ಗೊತ್ತಿರಲಿಲ್ಲ. ಬತ್ತೇರಿ ಬಸ್ಸಿನ ಕಂಡಕ್ಟರುಗಳನ್ನು ಕೇಳಿದೆ, ಅದೇ ಹೆಸರಿನ ಹತ್ತು ಜನ ಸಿಕ್ಕರು, ಅವನು ಸಿಗಲಿಲ್ಲ.

ಸೂಜಿ ಹೇಳಿದ್ದನ್ನು ಬರೀರಿ ಅಂದಿದ್ದ. ಮರೆತಿಲ್ಲ, ಮರೆಯಲು ಆಗಿಲ್ಲ. ಕೆಳಗಿನದು, ನಡುವಿನದು, ಮೇಲಿನದು, ಅದೇ ಸಾಲಿನಲ್ಲಿ ಬರೆಯುತ್ತೇನೆ. ಹನ್ನೆರಡೂಕಾಲಕ್ಕೆ ಮುನ್ನೂರ ಹನ್ನೆರಡು, ಮುನ್ನೂರ ಹದಿನಾಲ್ಕು, ಮುನ್ನೂರ ಹನ್ನೊಂದು. ಹನ್ನೆರಡೂವರೆಗೆ ಇನ್ನೂರ ಎಂಬತ್ತನಾಲ್ಕು, ಇನ್ನೂರ ಎಂಬತ್ತಾರು, ಇನ್ನೂರ ಎಂಬತ್ತು. ಮುಕ್ಕಾಲಿಗೆ ಮುನ್ನೂರ ಒಂದು, ಇನ್ನೂರ ತೊಂಬತ್ತಾರು, ಇನ್ನೂರ ಎಂಬತ್ತೆಂಟು. ಒಂದು ಗಂಟೆಗೆ ಮುನ್ನೂರ ಇಪ್ಪತ್ತೇಳು, ಮುನ್ನೂರ ಇಪ್ಪತ್ತೆರಡು, ಮುನ್ನೂರ ಒಂಬತ್ತು. ನೀರಿನ ವಾಲ್ವ್ ಎರಡು ಸುತ್ತು ತೆಗೆದದ್ದು, ಎರಡೂವರೆ ಸುತ್ತು ಮುಚ್ಚಿದ್ದು. ಮುಟ್ಟಿದ್ದು ನಾನು. ಅವನು ಗ್ಯಾಸು ಬಿಟ್ಟದ್ದು ದಿನಾ ಬಿಡುವಷ್ಟೇ.